ರೇಷ್ಮೆಯ ನಾಡಿನಲ್ಲಿ ಹತ್ತನೆಯ ಆಜ್ಞೆ

ನೆರೆಯವನ ಸೊತ್ತಿಗೆ ಕಣ್ಣು ಹಾಕಬಾರದೆಂಬ ಬೈಬಲಿನ ಹತ್ತನೆಯ ಆಜ್ಞೆ ಉಳ್ಳವರ ಕಾವಲಿಗೇ ಹುಟ್ಟಿತೇ? ಕೊಳ್ಳೇಗಾಲದ ಸೀಮೆಯಲ್ಲಿ ಈ ಪ್ರಶ್ನೆ ಬರಿಯ ತರ್ಕವಲ್ಲ. ಪಕ್ಕದ ಯಳಂದೂರೇ 1807ರಲ್ಲಿ ಮೈಸೂರಿನ ದಿವಾನ್ ಪೂರ್ಣಯ್ಯನವರೊಬ್ಬರಿಗೆ ಜಾಗೀರಾಯಿತು. ರೇಷ್ಮೆಯ ಈ ಸೀಮೆಯಲ್ಲಿ ಹಿಪ್ಪುನೇರಳೆ ಬೆಳೆದವನು, ನೂಲು ಬಿಚ್ಚಿದವನು, ಮಗ್ಗದಲ್ಲಿ ಕೂತವನು ಬೇರೆ ಬೇರೆ; ಜರಿಸೀರೆ ಉಟ್ಟು ಮೆರೆದವರೋ ಇನ್ನಾರೋ. ನೇಕಾರ ತನ್ನ ಪಾಲು ಕೇಳಿದರೆ ಅದು ಅಸೂಯೆಯೇ?

ಅಲ್ಲ. ಹದಿಮೂರನೆಯ ಶತಮಾನದ ಕ್ರೈಸ್ತ ದೇವತಾಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್‌ಗೆ ಅಸೂಯೆಯೆಂದರೆ ಪರರ ಏಳಿಗೆ ಕಂಡು ಮರುಗುವುದು. ನ್ಯಾಯದ ಕೂಲಿ ಕೇಳುವುದು ಆ ಲೆಕ್ಕಕ್ಕೆ ಬಾರದು. ಅವನಿಗಿಂತ ಏಳು ಶತಮಾನ ಹಿಂದಿನ ಪೋಪ್ ಗ್ರೆಗೊರಿಯಂತೂ ಪಾಪಗಳ ಬೇರು ಗರ್ವವೆಂದ. ಹಾಗಾದರೆ ಇದೇ ಸೀಮೆಯ ಮಾರ್ಟಳ್ಳಿಯ ಕ್ರೈಸ್ತ ರೈತನಿಗೆ ಅನ್ವಯಿಸುವ ಆಜ್ಞೆ, ಸೀರೆಯನ್ನು ಅಂತಸ್ತಿನ ಬಾವುಟ ಮಾಡಿಕೊಂಡವರನ್ನು ಮೊದಲು ವಿಚಾರಿಸಬೇಕು.