ದೋಣಿಯನ್ನೆಳೆದ ನಾಲ್ಕನೆಯ ಗೇರು

1973ರಲ್ಲಿ ಅರಬ್ ರಾಷ್ಟ್ರಗಳು ತೈಲವನ್ನು ತಡೆಹಿಡಿದುದರಿಂದ ಅಮೆರಿಕದ ಪೆಟ್ರೋಲ್ ಬಂಕುಗಳ ಮುಂದೆ ಕಾರುಗಳು ಸಾಲುಗಟ್ಟಿ ನಿಂತ ಕಾಲದಿಂದಲೇ ಈ ವೃತ್ತಾಂತವನ್ನು ಆರಂಭಿಸಬೇಕು. ಏಕೆಂದರೆ ಇಂಧನದ ಮಿತವ್ಯಯವನ್ನು ಕಡ್ಡಾಯಗೊಳಿಸಿದ 1975ರ ಶಾಸನವು ಬಾರದೆ ಹೋಗಿದ್ದರೆ, ಫೋರ್ಡ್ ಸಂಸ್ಥೆಯು 1980ರ ಮಾದರಿಯ ಕಾರುಗಳಿಗೆ ಓವರ್‌ಡ್ರೈವ್ ಸಹಿತವಾದ ಸ್ವಯಂಚಾಲಿತ ಗೇರುಪೆಟ್ಟಿಗೆಯನ್ನು ಅಷ್ಟು ಅವಸರದಿಂದ ಅಳವಡಿಸುತ್ತಿತ್ತೆಂದು ನನಗೆ ತೋರುವುದಿಲ್ಲ. ಓವರ್‌ಡ್ರೈವ್ ಎನಿಸಿದ ಅದರ ನಾಲ್ಕನೆಯ ಗೇರಿನ ಅನುಪಾತ 0.67, ಎಂದರೆ ಚಕ್ರಗಳ ಕಡೆಗೆ ಹೋಗುವ ದಂಡವು ನೂರು ಸುತ್ತು ತಿರುಗಲು ಎಂಜಿನ್ನು ಅರುವತ್ತೇಳು ಸುತ್ತು ತಿರುಗಿದರೆ ಸಾಕು.

ಬರಿಯ ಕಾರಿಗೆ ವರವಾದ ಈ ಯುಕ್ತಿಯು, ಹಿಂದೊಂದು ಪುಟ್ಟ ದೋಣಿಯ ಟ್ರೈಲರನ್ನು ಕಟ್ಟಿದೊಡನೆ ಪೀಡೆಯಾಯಿತು. ಏರು ಕಂಡು ಮೂರಕ್ಕಿಳಿದು, ತುಸು ಸಮತಟ್ಟಾದೊಡನೆ ನಾಲ್ಕಕ್ಕೇರಿ, ಮರುಗಳಿಗೆಯಲ್ಲೇ ಪುನಃ ಇಳಿಯುವ ಗೇರಿನ ಚಾಂಚಲ್ಯದಿಂದ ಪೆಟ್ಟಿಗೆಯೊಳಗಿನ ಎಣ್ಣೆ ಕುದಿಯುವಂತೆ ಕಾಯುತ್ತಿತ್ತು. ಅಳತೆಕಡ್ಡಿಯನ್ನು ಹೊರಗೆಳೆದು ನೋಡಿದರೆ, ಕೆಂಪಗಿರಬೇಕಾದ ಎಣ್ಣೆ ಕಂದಿ ಕಮಟು ನಾರುತ್ತಿತ್ತು. ಇದಕ್ಕಿಂತಲೂ ಕಪಟಿಯಾದುದು ಕಾರ್ಬ್ಯುರೇಟರಿನಿಂದ ಪೆಟ್ಟಿಗೆಗಿಳಿಯುವ ಒಂದು ಸಣ್ಣ ಸಲಾಕೆ: ಪೆಡಲನ್ನು ಎಷ್ಟು ಒತ್ತಲಾಗಿದೆಯೆಂಬುದನ್ನು ಪೆಟ್ಟಿಗೆಗೆ ತಿಳಿಸಬೇಕಾದ ಅದು ಕೊಂಚ ಸಡಿಲಗೊಂಡರೂ ಎಣ್ಣೆಯ ಒತ್ತಡ ಕುಗ್ಗಿ, ಕ್ಲಚ್ಚುಗಳು ಜಾರಿ ಜಾರಿ ಸುಟ್ಟುಹೋಗುತ್ತಿದ್ದುವು. ಇಂಥ ಅಲ್ಪವಸ್ತುವಿಗೆ ಅಂಥ ಅಧಿಕಾರವನ್ನಿತ್ತವರ ಧೈರ್ಯವನ್ನು ಮೆಚ್ಚಲೇಬೇಕು!

ಅನುಭವಸ್ಥರಾದ ದೋಣಿಯೊಡೆಯರು ಮಾತ್ರ ರೇಡಿಯೇಟರಿನ ಮುಂದೆ ಎಣ್ಣೆ ತಂಪುಮಾಡುವ ಪ್ರತ್ಯೇಕ ಕೂಲರನ್ನು ಬಿಗಿದು, ಗೇರಿನ ಸನ್ನೆಯನ್ನು ಓವರ್‌ಡ್ರೈವಿನಿಂದ ಒಂದು ಸ್ಥಾನ ಕೆಳಗಿಳಿಸಿ, ಪೆಟ್ರೋಲು ಹೆಚ್ಚು ಉರಿದರೂ ಚಿಂತೆಯಿಲ್ಲವೆಂದು ಮೂರನೆಯ ಗೇರಿನಲ್ಲೇ ಸರೋವರದ ದಂಡೆಯನ್ನು ಮುಟ್ಟುತ್ತಿದ್ದರು.