ನೀರು ತೊಳೆಯದ ಹೊಗೆ

ಅಂಕೋಲೆಯ ಪೇಟೆಗೆ ಹೊಂದಿಕೊಂಡ ಬೊಬ್ರುವಾಡದಿಂದ ಕಾರವಾರದವರೆಗಿನ ಕರಾವಳಿಯಲ್ಲಿ ಹೊಗೆಸೊಪ್ಪು ಜನರ ಬಾಯಿಗೆ ಬಂದುದು ಬಹುಮಟ್ಟಿಗೆ ಕವಳದ ಮೂಲಕ, ಬೀಡಿಯ ಮೂಲಕ. ನೀರಿನ ಬುರುಡೆ, ಉದ್ದನೆಯ ಕೊಳವೆ, ಕೆಂಡದ ಚಿಲುಮೆಗಳಿಂದ ಕೂಡಿದ ಹುಕ್ಕಾ ಇಲ್ಲಿಯ ರೈತನ ಜಗುಲಿಯಲ್ಲಾಗಲಿ ಮೀನುಗಾರನ ಮನೆಯಲ್ಲಾಗಲಿ ರೂಢಿಯ ವಸ್ತುವಾಗಿರಲಿಲ್ಲ. ಆದರೂ ಅದರ ಚರಿತ್ರೆಯ ಆರಂಭದ ಅಧ್ಯಾಯವೊಂದು ಕನ್ನಡ ನಾಡಿನಲ್ಲಿಯೇ ನಡೆದುದೆಂಬುದನ್ನು ನಾವು ಮರೆಯಬಾರದು.

ಅಮೆರಿಕದ ಹೊಗೆಸೊಪ್ಪನ್ನು ಪೋರ್ತುಗೀಸರು ಪಶ್ಚಿಮ ಕರಾವಳಿಗೆ ತಂದ ಮೇಲೆ ಗೋವೆಯ ನೆರೆಯ ಬಿಜಾಪುರದ ಆದಿಲಶಾಹಿ ರಾಜ್ಯದಲ್ಲಿ ಅದು ಬೇಗನೆ ನೆಲೆಯೂರಿತು. ಅಕ್ಬರನ ದೂತನಾಗಿ ಅಲ್ಲಿಗೆ ಬಂದಿದ್ದ ಅಸದ್ ಬೇಗನು ಹೊಗೆಸೊಪ್ಪನ್ನು ಕಂಡು ಬೆರಗಾಗಿ, ರತ್ನಖಚಿತವಾದ ಕೊಳವೆಯೊಂದನ್ನು ಸಿದ್ಧಪಡಿಸಿ, 1605ರ ಸುಮಾರಿಗೆ ಅದನ್ನು ಚಕ್ರವರ್ತಿಗೆ ಅರ್ಪಿಸಿದ ಸಂಗತಿಯನ್ನು ತಾನೇ ಬರೆದಿಟ್ಟಿದ್ದಾನೆ. ಅಕ್ಬರನು ಕುತೂಹಲದಿಂದ ಸೇದತೊಡಗಿದಾಗ ಆಸ್ಥಾನವೈದ್ಯನು ಮುಂದೆ ಬಂದು, ಇದು ಪರೀಕ್ಷೆಗೊಳಗಾಗದ ದ್ರವ್ಯ, ವೈದ್ಯಗ್ರಂಥಗಳಲ್ಲಿ ಇದರ ಪ್ರಸ್ತಾಪವಿಲ್ಲ ಎಂದು ತಡೆದನು. ಗ್ರಂಥದಲ್ಲಿಲ್ಲವೆಂಬ ಮಾತ್ರಕ್ಕೆ ಹೊಸದನ್ನು ತಿರಸ್ಕರಿಸಲಾಗದೆಂದು ಚಕ್ರವರ್ತಿಯು ಅಭಿಪ್ರಾಯಪಟ್ಟನಾದರೂ ತಾನು ಅದನ್ನು ರೂಢಿ ಮಾಡಿಕೊಳ್ಳಲಿಲ್ಲ. ಅಮೀರರೋ ಮಾಡಿಕೊಂಡರು, ವರ್ತಕರು ಮಾರತೊಡಗಿದರು, 1617ರಲ್ಲಿ ಜಹಾಂಗೀರನು ಧೂಮಪಾನವನ್ನು ನಿಷೇಧಿಸಿದಾಗ್ಗೆ ಚಟವು ರಾಜಾಜ್ಞೆಯನ್ನು ಮೀರಿ ಬೆಳೆದಿದ್ದಿತು.

ಹೊಗೆಯನ್ನು ನೀರಿನಲ್ಲಿ ಹಾಯಿಸಿದರೆ ಅದರ ದೋಷವು ಕಳೆಯುವುದೆಂದು ಅಕ್ಬರನ ಆಸ್ಥಾನದ ಹಕೀಮ್ ಅಬುಲ್ ಫತ್ ಗೀಲಾನಿಯು ಹುಕ್ಕಾವನ್ನು ಕಲ್ಪಿಸಿದನೆಂಬ ಐತಿಹ್ಯವೊಂದುಂಟು. ಆತನು 1589ರಲ್ಲಿಯೇ ಮೃತನಾದುದರಿಂದ ಈ ಕಥೆಯು ಅಸದ್ ಬೇಗನ ವೃತ್ತಾಂತದೊಡನೆ ಸುಲಭವಾಗಿ ಹೊಂದದು. ಆದರೆ ಕಥೆಯೊಳಗಿನ ನಂಬಿಕೆ ಮಾತ್ರ ನಾಲ್ಕು ಶತಮಾನಗಳನ್ನು ದಾಟಿ, ಹಣ್ಣಿನ ಪರಿಮಳ ಬೆರೆಸಿದ ಹುಕ್ಕಾವನ್ನು ಸೇದುವ ಇಂದಿನ ತರುಣರ ಮನಸ್ಸಿನಲ್ಲಿಯೂ ಉಳಿದಿದೆ.

ಆ ನಂಬಿಕೆಯು ಮಿಥ್ಯೆ. ನೀರು ಹೊಗೆಯನ್ನು ತಂಪು ಮಾಡುವುದೇ ಹೊರತು ಶುದ್ಧಗೊಳಿಸದು. ತಂಪಾದ ಹೊಗೆಯು ಗಂಟಲನ್ನು ಕೆರೆಯದೆ ಇನ್ನಷ್ಟು ಆಳಕ್ಕೆ ಇಳಿಯುವುದು. ಸಿಗರೇಟು ಕೆಲವೇ ನಿಮಿಷಗಳಲ್ಲಿ ಮುಗಿಯುವುದಾದರೆ ಹುಕ್ಕಾದ ಕೂಟವು 20ರಿಂದ 80 ನಿಮಿಷಗಳವರೆಗೆ ನಡೆಯುವುದೆಂದೂ, ಅಷ್ಟರಲ್ಲಿ ಸೇದುವವನು 100 ಸಿಗರೇಟುಗಳಷ್ಟು ಹೊಗೆಯನ್ನು ಒಳಗೆಳೆದುಕೊಳ್ಳಬಹುದೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2005ರಲ್ಲಿಯೇ ಎಚ್ಚರಿಸಿತು. ಹೊಗೆಸೊಪ್ಪಿಲ್ಲದ ಗಿಡಮೂಲಿಕೆಯ ಮಿಶ್ರಣವೆಂದು ಸಮಾಧಾನಪಡುವಂತೆಯೂ ಇಲ್ಲ. ಇದ್ದಲ ಕೆಂಡದಿಂದೇಳುವ ಕಾರ್ಬನ್ ಮೊನಾಕ್ಸೈಡ್ ಅಲ್ಲಿಯೂ ರಕ್ತವನ್ನು ಸೇರುವುದು. ಬಾಯಿಂದ ಬಾಯಿಗೆ ಹೋಗುವ ಕೊಳವೆಯು ಕ್ಷಯದಂತಹ ರೋಗಗಳಿಗೆ ದಾರಿಯಾಗಬಲ್ಲುದು.

ಹೀಗೆ ಅಕ್ಬರನ ಆಸ್ಥಾನವೈದ್ಯನು ಬೇಡಿದ ಪರೀಕ್ಷೆಯು ಕೊನೆಗೂ ನಡೆದು ಅದರ ತೀರ್ಪು ಬಂದ ಮೇಲೆ, ಶಾಸನವು ಸುಮ್ಮನಿರುವುದು ಧರ್ಮವಲ್ಲ. ಕರ್ನಾಟಕ ಸರ್ಕಾರವು 2024ರ ಫೆಬ್ರವರಿಯಲ್ಲಿ, ಹೊಗೆಸೊಪ್ಪು ಇರಲಿ ಇಲ್ಲದಿರಲಿ, ಎಲ್ಲ ಬಗೆಯ ಹುಕ್ಕಾದ ಮಾರಾಟವನ್ನೂ ಸೇವನೆಯನ್ನೂ ನಿಷೇಧಿಸಿತು. ವ್ಯಾಪಾರಿಗಳು ಮೊರೆಹೊಕ್ಕಾಗ ಏಪ್ರಿಲ್‌ನಲ್ಲಿ ಉಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ಎತ್ತಿಹಿಡಿಯಿತು. ರಾಷ್ಟ್ರಪತಿಗಳ ಅಂಕಿತ ಪಡೆದು 2025ರ ಮೇ ತಿಂಗಳಲ್ಲಿ ಪ್ರಕಟವಾದ ತಿದ್ದುಪಡಿ ಕಾಯಿದೆಯಂತೆ ಹುಕ್ಕಾ ಬಾರ್ ನಡೆಸುವವನಿಗೆ 1ರಿಂದ 3 ವರ್ಷಗಳ ಸೆರೆಮನೆ, 50,000ದಿಂದ 1 ಲಕ್ಷ ರೂಪಾಯಿಗಳ ದಂಡ. ಹೊಗೆಸೊಪ್ಪಿನ ಪದಾರ್ಥಗಳನ್ನು ಕೊಳ್ಳುವವನ ಕನಿಷ್ಠ ವಯಸ್ಸು 18ರಿಂದ 21ಕ್ಕೆ ಏರಿತು.

ಆದರೆ ಜಹಾಂಗೀರನ ಆಜ್ಞೆಗೆ ಒದಗಿದ ಗತಿಯು ಈ ಕಾಯಿದೆಗೆ ಒದಗಬಾರದಾದರೆ, ಊರಿನ ಜನರ ಸಮ್ಮತಿಯೂ ಎಚ್ಚರವೂ ಅದರ ಬೆನ್ನಿಗಿರಬೇಕು. ಇದಕ್ಕೆ ಆದರ್ಶವನ್ನರಸಿ ಅಂಕೋಲೆಯವರು ದೂರ ಹೋಗಬೇಕಾಗಿಲ್ಲ. 2007ರಲ್ಲಿ ರಾಜ್ಯವು ಸರಾಯಿಯನ್ನು ನಿಲ್ಲಿಸುವುದಕ್ಕೆ ಬಹು ಮೊದಲೇ, ಬಡಗೇರಿಯ ಹಾಲಕ್ಕಿ ಒಕ್ಕಲಗಿತ್ತಿ ಸುಕ್ರಿ ಬೊಮ್ಮು ಗೌಡರು ಹೆಂಗಸರನ್ನು ಕೂಡಿಸಿಕೊಂಡು ಸರಾಯಿಯ ವಿರುದ್ಧ ಬೀದಿಗಿಳಿದಿದ್ದರು. ಪ್ರವಾಸಿಗರ ಜೊತೆಗೆ ಹೊಸ ಚಟಗಳೂ ಬಂದಿಳಿಯುವ ಈ ಕಡಲತಡಿಯಲ್ಲಿ, ಬೊಬ್ರುವಾಡದಂತಹ ಊರುಗಳ ಗ್ರಾಮಸಭೆಗಳೂ ಶಾಲೆಗಳೂ ಅದೇ ಧೈರ್ಯದಿಂದ ಮಕ್ಕಳಿಗೆ ಸತ್ಯವನ್ನು ತಿಳಿಸಿ, ಕದ್ದು ನಡೆಯುವ ಹುಕ್ಕಾದ ಅಂಗಡಿಯನ್ನು ಕಂಡೊಡನೆ ಪೊಲೀಸರಿಗೆ ದೂರು ಕೊಡುವುದಾದರೆ, ಕಾಯಿದೆಯು ಕಾಗದದಲ್ಲಿ ನಿಲ್ಲದೆ ಜನರ ಆರೋಗ್ಯವನ್ನು ಕಾಯುವ ಬಲವಾದೀತು.