ಮರಳಿ ಮರಳಿ ಹೇಳುವುದರ ಚರಿತ್ರೆ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ತಂದೆತಾಯಿಯರು. ‘ಮೇಷ್ಟ್ರೇ, ಈ ಕಾಲದಲ್ಲೂ ಮಕ್ಕಳಿಂದ ಮಗ್ಗಿ ಬಾಯಿಪಾಠ ಮಾಡಿಸಬೇಕೇ? ಅದು ಬರಿಯ ಗಿಳಿಪಾಠವಲ್ಲವೇ?’ ಎಂದು ಅವರು ಕೇಳುವುದುಂಟು. ಇದಕ್ಕೆ ನನ್ನ ಅಭಿಪ್ರಾಯವನ್ನು ಮುಂದಿಡುವುದಕ್ಕಿಂತ, ಈ ಪ್ರಶ್ನೆಯನ್ನು ಪರೀಕ್ಷೆಗೆ ಒಡ್ಡಿದ ಇಬ್ಬರು ವಿದ್ವಾಂಸರ ಚರಿತ್ರೆಯನ್ನು ಹೇಳುವುದು ಲೇಸು.

ಮೊದಲನೆಯವನು ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ (1850–1909). ಆತ ಅರ್ಥವಿಲ್ಲದ ಸುಮಾರು 2300 ಉಚ್ಚಾರಗಳನ್ನು ರಚಿಸಿಕೊಂಡು, ಗಡಿಯಾರದ ಸದ್ದಿಗೆ ಹೊಂದಿಸಿ ಓದುತ್ತ, ವರ್ಷಗಟ್ಟಲೆ ತನ್ನ ಮೇಲೆಯೇ ಪ್ರಯೋಗ ನಡೆಸಿದ. 1885ರಲ್ಲಿ ಅದರ ಫಲವನ್ನು ಪುಸ್ತಕವಾಗಿ ಪ್ರಕಟಿಸಿದ. 7 ಉಚ್ಚಾರಗಳ ಸಾಲು ಒಂದೇ ಓದಿಗೆ ಬಾಯಿಗೆ ಬರುತ್ತಿತ್ತು. ಸಾಲು 12ಕ್ಕೆ ಬೆಳೆದರೆ ಸುಮಾರು 17 ಸಲ, 16ಕ್ಕೆ 30 ಸಲ, 24ಕ್ಕೆ 44 ಸಲ ಓದಬೇಕಾಗುತ್ತಿತ್ತು. ಇನ್ನೊಂದು ಸಂಗತಿಯನ್ನೂ ಆತ ಕಂಡುಕೊಂಡ. ಹಿಂದಿನ ಒಂದೇ ದಿನ 68 ಸಲ ಓದಿದರೆ ಆಗುವಷ್ಟು ಪ್ರಯೋಜನ, ಮೂರು ದಿನಗಳಿಗೆ ಹಂಚಿ 38 ಸಲ ಓದಿದರೂ ಆಗುತ್ತಿತ್ತು. ಪರೀಕ್ಷೆಯ ಹಿಂದಿನ ರಾತ್ರಿ ದೀಪ ಉರಿಸಿ ಓದುವವರು ಈ ಲೆಕ್ಕವನ್ನು ಗಮನಿಸಬೇಕು.

ಎರಡನೆಯವನು ಕೆನಡಾದ ಡೊನಾಲ್ಡ್ ಹೆಬ್. ಈತ ತಾರುಣ್ಯದಲ್ಲಿ ಶಾಲೆಯ ಉಪಾಧ್ಯಾಯನೂ ಮುಖ್ಯೋಪಾಧ್ಯಾಯನೂ ಆಗಿದ್ದವನು. ಮುಂದೆ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾದ. ಕೂಡುವ ಲೆಕ್ಕದಲ್ಲಿ ದಶಕವನ್ನು ಕ್ಷಣಕಾಲ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುತ್ತೇವಲ್ಲ, ಅಂಥ ನೆನಪು ಸ್ಲೇಟಿನ ಮೇಲಿನ ಬರಹದಂತೆ. ಹೊಸದನ್ನು ಬರೆದೊಡನೆ ಹಳೆಯದು ಅಳಿದುಹೋಗುತ್ತದೆ ಎಂಬುದು ಅವನ ನಿರೀಕ್ಷೆಯಾಗಿತ್ತು. ಇದನ್ನು ಪರೀಕ್ಷಿಸಲು ಆತ ವಿದ್ಯಾರ್ಥಿಗಳಿಗೆ ತಲಾ 9 ಅಂಕಿಗಳ 24 ಸಾಲುಗಳನ್ನು ಓದಿ ಹೇಳಿದ. ಪ್ರತಿಯೊಂದನ್ನೂ ಕೇಳಿದೊಡನೆ ಅದೇ ಕ್ರಮದಲ್ಲಿ ಒಪ್ಪಿಸಬೇಕು. ಪ್ರತಿ ಮೂರನೆಯ ಸಾಲು ಮಾತ್ರ ಒಂದೇ ಆಗಿತ್ತು. ಆ ಗುಟ್ಟನ್ನು ಅವರಿಗೆ ತಿಳಿಸಿರಲಿಲ್ಲ.

ಅವನ ಎಣಿಕೆ ತಲೆಕೆಳಗಾಯಿತು. ಉಳಿದ ಸಾಲುಗಳಲ್ಲಿ ಅವರ ಸಾಮರ್ಥ್ಯ ಇದ್ದಲ್ಲೇ ಇತ್ತು. ಮರಳಿ ಬರುತ್ತಿದ್ದ ಸಾಲಿನಲ್ಲಿ ಮಾತ್ರ ಸಲದಿಂದ ಸಲಕ್ಕೆ ಹೆಚ್ಚಿತು. ಅಳಿದಂತೆ ಕಂಡ ಬರಹವು ಸ್ಲೇಟಿನ ಮೇಲೆ ತೆಳುವಾದ ಗೆರೆಯನ್ನು ಉಳಿಸಿಹೋಗಿತ್ತು! 1961ರಲ್ಲಿ ಪ್ರಕಟವಾದ ಈ ಫಲಿತಾಂಶವು ಇಂದಿಗೂ ಹೆಬ್‌ನ ಹೆಸರಿನಲ್ಲೇ ಪ್ರಸಿದ್ಧವಾಗಿದೆ. ಸಾಲು ಮರಳಿ ಬರುತ್ತಿದೆಯೆಂದು ಗಮನಿಸದವರಲ್ಲೂ ಈ ಕಲಿಕೆ ನಡೆಯುತ್ತದೆಂದು ಮುಂದಿನ ಸಂಶೋಧಕರು ತೋರಿಸಿದರು. 1971ರ ಒಂದು ಪ್ರಯೋಗದಲ್ಲಿ ಸಾಲಿನ ಮೊದಲ ಎರಡು ಅಂಕಿಗಳನ್ನು ಪ್ರತಿಸಲ ಬದಲಿಸಿದಾಗ ಕಲಿಕೆ ಕಾಣಲಿಲ್ಲ. ಪದ್ಯದ ಮೊದಲ ಪದವನ್ನು ಎತ್ತಿಕೊಟ್ಟರೆ ಉಳಿದದ್ದು ತಾನಾಗಿ ಹರಿದುಬರುವುದನ್ನು ಕಂಡ ನಮಗೆ ಇದರಲ್ಲಿ ಆಶ್ಚರ್ಯವಿಲ್ಲ. ಮಗು ಹೊಸ ಶಬ್ದವನ್ನು ಕಲಿಯುವುದೂ ಹೀಗೆಯೇ ಎಂದು ಹಲವು ವಿದ್ವಾಂಸರ ಮತ; ಶಬ್ದವೆಂದರೂ ಧ್ವನಿಗಳ ಒಂದು ಸಾಲು ತಾನೆ?

ಹಾಗಾದರೆ ಅರ್ಥಕ್ಕೆ ಬೆಲೆಯಿಲ್ಲವೇ? ಎಬಿಂಗ್‌ಹೌಸನೇ ಇದಕ್ಕೂ ಉತ್ತರ ಕೊಟ್ಟಿದ್ದಾನೆ. ಬೈರನ್ ಕವಿಯ ‘ಡಾನ್ ಜುವಾನ್’ ಕಾವ್ಯದ ಸುಮಾರು 80 ಉಚ್ಚಾರಗಳ ಒಂದು ಪದ್ಯ ಅವನಿಗೆ 9 ಓದಿಗೆ ಬರುತ್ತಿತ್ತು. ಅಷ್ಟೇ ಉದ್ದದ ಅರ್ಥಹೀನ ಸಾಲಿಗೆ ಅದರ ಹತ್ತು ಪಟ್ಟು ಶ್ರಮ ಬೇಕೆಂದು ಆತ ಲೆಕ್ಕಹಾಕಿದ. ಅರ್ಥವು ಶ್ರಮವನ್ನು ತಗ್ಗಿಸುತ್ತದೆ. ಆದರೆ ಆ 9 ಓದುಗಳನ್ನು ಅದೂ ತಪ್ಪಿಸಲಾರದು.

ಆದುದರಿಂದ ನನ್ನ ಉತ್ತರ ಇಷ್ಟೇ. ಎರಡೆರಡಲ ನಾಲ್ಕು ಏಕೆಂದು ಮೊದಲು ಹುಣಿಸೆಬೀಜ ಜೋಡಿಸಿ ತೋರಿಸಿ. ಆಮೇಲೆ ಮಗ್ಗಿಯನ್ನು ದಿನಕ್ಕೆ ಸ್ವಲ್ಪದಂತೆ, ಒಂದೇ ಕ್ರಮದಲ್ಲಿ, ಹಲವು ದಿನ ಹೇಳಿಸಿ. ಒಂದು ಸಲಕ್ಕೆ ಬಾರದ ಮಗುವನ್ನು ದಡ್ಡನೆಂದು ಕರೆಯಬೇಡಿ. ಒಂಬತ್ತು ಅಂಕಿಗಳ ಮುಂದೆ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೂ ತಡವರಿಸಿದ್ದರು. ತಪ್ಪಾಗಿ ಒಪ್ಪಿಸಿದ ದಿನವೂ ಆ ಮಗುವಿನಲ್ಲಿ ಏನೋ ಒಂದಿಷ್ಟು ಉಳಿದಿರುತ್ತದೆ. ನಾಳೆ ಮತ್ತೊಮ್ಮೆ ಹೇಳಿಸುವ ತಾಳ್ಮೆ ನಮ್ಮಲ್ಲಿರಬೇಕು.